ಹಲ್ಲಿನ ಡಾಕ್ಟರು ಮಾವನವರ ಗಾಡಿ ಬಿಚ್ಚಿದ್ದು

"ಮೂರೇ ವಾರ! ನಾಲ್ಕನೇ ವಾರ ಈ ಗಾಡಿ ಗುಡುಗಲಿಲ್ಲ ಅಂದ್ರೆ ನನ್ನನ್ನ ಡಾಕ್ಟ್ರು ಅಂತ ಕರೀಬೇಡ!"

ಹೀಗೆಂದು ಹಲ್ಲಿನ ಡಾಕ್ಟರು ಗುಡುಗಿದ್ದು ಒಂದು ಸೋಮವಾರ ಬೆಳಿಗ್ಗೆ, ಮನೆಯ ಮುಂದಿನ ಕೋಣೆಯಲ್ಲಿ, ಹಳೆಯ ಜಮಖಾನದ ಮೇಲೆ ನಿಂತಿದ್ದ ಮಾವನವರ ಮೋಟಾರ್ ಸೈಕಲ್ಲಿನ ಎದುರು. ಕೇಳಲು ಅಲ್ಲಿದ್ದವರು ಇಬ್ಬರೇ. ಒಬ್ಬಳು ಹೆಂಡತಿ, ಇನ್ನೊಂದು ಅವಳ ಹೊಲಿಗೆ ಯಂತ್ರ. ಯಂತ್ರ ನಿಲ್ಲಲಿಲ್ಲ, ಹೆಂಡತಿ ತಲೆ ಎತ್ತಲಿಲ್ಲ.

"ಗಾಡಿ ವಿಷಯ ನಿಮಗೇನ್ರೀ ಗೊತ್ತು?"

"ಗಿಯರಲ್ಲಿ ಏನಿರುತ್ತೆ ಹೇಳು?"

"ಏನಿರುತ್ತೆ?"

"ಹಲ್ಲು! ಚೈನು ಸುತ್ತೋ ಚಕ್ರದಲ್ಲಿ? ಅದೂ ಹಲ್ಲೇ! ಇಪ್ಪತ್ತಾರು ವರ್ಷದಿಂದ ಹಲ್ಲಿನ ನಡುವೆ ಕೈಯಿಟ್ಟುಕೊಂಡು ಬದುಕಿರೋನು ನಾನು. ನನಗೆ ಯಾವನೋ ಮೆಕ್ಯಾನಿಕ್ಕು ಪಾಠ ಹೇಳ್ಬೇಕಾ?"

ಈ ಮಹಾಪ್ರತಿಜ್ಞೆಯ ಹಿಂದೆ ಒಂದು ನೀರಿನ ಕೊಳವೆಯಿತ್ತು. ಡಾಕ್ಟರ ಕ್ಲಿನಿಕ್ಕಿನ ಮುಂದಿನ ರಸ್ತೆಯನ್ನು ಕೊಳವೆ ಬದಲಿಸಲೆಂದು ಅಗೆದು ಕಂದಕ ಮಾಡಿದ್ದರು. ಹಲ್ಲು ನೋವಿನವರು ಕಂದಕ ಹಾರಿ ಬಂದಾರೆಯೇ? ಆರು ವಾರ ಕ್ಲಿನಿಕ್ಕಿಗೆ ಬೀಗ. ಡಾಕ್ಟರಿಗೋ ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೆ ಏನನ್ನಾದರೂ ಮುಟ್ಟಬೇಕು. ಮೈಮೇಲೆ ಇರುವೆ ಬಿಟ್ಟವರ ಹಾಗೆ ಮನೆಯಲ್ಲೆಲ್ಲ ಓಡಾಡಿದರು. ಒಂದೇ ದಿನದಲ್ಲಿ ಫ್ರಿಜ್ಜಿನ ಬಾಗಿಲನ್ನು ನಲವತ್ತು ಸಲ ತೆಗೆದು, ಒಳಗೆ ಹೊಸದೇನೂ ಹುಟ್ಟಿಲ್ಲವೆಂದು ಖಚಿತಪಡಿಸಿಕೊಂಡರು. ಪೇಪರು ಹಾಕುವವನ ಕೆಳದವಡೆ ಪರೀಕ್ಷಿಸಿದರು. ಪಕ್ಕದ ಮನೆಯ ನಾಯಿ ಆಕಳಿಸಿದ್ದೇ ತಪ್ಪಾಯಿತು, ಅದರ ಬಾಯಿಗೂ ಟಾರ್ಚು ಬಿಟ್ಟರು! ಕೊನೆಗೆ ಹೆಂಡತಿಯ ಬೆನ್ನ ಹಿಂದೆ ನಿಂತು, "ಹೊಲಿಗೆ ಸ್ವಲ್ಪ ಎಡಕ್ಕೆ ಹೋಗ್ತಿದೆ ನೋಡು" ಅಂದರು.

ಹೆಂಡತಿ ಮನೆಯಲ್ಲೇ ಹೊಲಿಗೆ ವಹಿವಾಟು ನಡೆಸುವವಳು. ಒಂದು ಪ್ರಯೋಗಾಲಯಕ್ಕೆ ಹನ್ನೆರಡು ಬಿಳಿ ಕೋಟು ಹೊಲಿದುಕೊಡುವ ಕೆಲಸ ತಲೆಯ ಮೇಲಿತ್ತು. ಅವಳು ಕತ್ತರಿ ಕೆಳಗಿಟ್ಟು ಕೈ ಮುಗಿದಳು.

"ಏನಾದ್ರೂ ಮಾಡ್ರೀ. ಏನು ಬೇಕಾದ್ರೂ ಮಾಡಿ. ನನ್ನ ಹಿಂದೆ ಮಾತ್ರ ನಿಲ್ಲಬೇಡಿ!"

ಆಗ ನೆನಪಾದದ್ದು ಮಾವನವರ ಗಾಡಿ. ಮಾವ ಟೆಲಿಫೋನು ಕಂಬ ಹತ್ತಿ ತಂತಿ ಕಟ್ಟುತ್ತಿದ್ದವರು. ಮೂವತ್ತು ವರ್ಷ ಏಣಿ, ತಂತಿ, ಹೆಂಡತಿ, ಮಗಳು ಎಲ್ಲವನ್ನೂ ಅದೇ ಗಾಡಿಯ ಮೇಲೆ ಹೊತ್ತವರು. ಒಂದು ಬೆಳಿಗ್ಗೆ ಅದು ಹೊರಡಲಿಲ್ಲ. ಟಾರ್ಪಾಲು ಹೊದಿಸಿದರು. ಹದಿನೆಂಟು ವರ್ಷ ಆ ಟಾರ್ಪಾಲು ಎತ್ತಿರಲಿಲ್ಲ. ಮಾವನಿಗೆ ಅಳಿಯನ ಬಗ್ಗೆ ಅಂಥ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಬಂದವರಿಗೆ "ಇವರು ನಮ್ಮ ಹಲ್ಲು ಕೀಳೋರು" ಎಂದು ಪರಿಚಯಿಸುತ್ತಿದ್ದರು. ಈ ಗಾಡಿಯೊಂದು ಎದ್ದು ನಿಂತರೆ ಆ ಬಿರುದು ಬಿದ್ದುಹೋಗುತ್ತದೆ ಎಂಬುದು ಡಾಕ್ಟರ ಒಳಗಿನ ಆಸೆ. ಟೆಂಪೋ ಕಳಿಸಿ ಗಾಡಿಯನ್ನು ಮನೆಗೆ ತರಿಸಿಕೊಂಡು, ಫೋನಿನಲ್ಲೇ ಆಹ್ವಾನ ಕೊಟ್ಟರು.

"ಆರನೇ ಭಾನುವಾರ ಊಟಕ್ಕೆ ಬನ್ನಿ ಮಾವ. ಬರೋವಾಗ ಬಸ್ಸಲ್ಲಿ ಬನ್ನಿ. ಹೋಗೋವಾಗ ನಿಮ್ಮ ಗಾಡೀಲೇ ಹೋಗ್ತೀರಿ!"

ಆ ಕಡೆಯಿಂದ "ಹೂಂ" ಎಂಬ ಒಂದಕ್ಷರ ಬಂತು.

ಬಿಚ್ಚುವ ಕಾರ್ಯ ಅದ್ಭುತವಾಗಿ ನಡೆಯಿತು. ಬಿಚ್ಚುವುದರಲ್ಲಿ ಡಾಕ್ಟರು ಹುಟ್ಟು ಪ್ರತಿಭೆ! ಬಾಯಿಯೊಳಗೆ ಹಿಡಿಯುವ ಪುಟ್ಟ ಕನ್ನಡಿಯನ್ನು ಎಂಜಿನ್ನಿನೊಳಗೆ ಹಿಡಿದರು. ಹಲ್ಲು ಕೆರೆಯುವ ಕೊಕ್ಕೆಯಿಂದ ಮೂವತ್ತು ವರ್ಷದ ಕರಿ ಜಿಡ್ಡು ಕೆರೆದರು. ಪ್ರತಿ ನಟ್ಟಿಗೂ ಹಲ್ಲುಸಂದಿ ಉಜ್ಜುವ ದಾರದಲ್ಲಿ ಚೀಟಿ ಕಟ್ಟಿದರು. ಒಟ್ಟು ಇನ್ನೂರ ಹದಿನಾಲ್ಕು ಬಿಡಿಭಾಗ! ಅವು ಮೊದಲು ಜಮಖಾನದ ಮೇಲೆ ಶಿಸ್ತಾಗಿ ಮಲಗಿದವು. ಆಮೇಲೆ ಸೋಪಿನ ಡಬ್ಬಿಗೆ ಹತ್ತಿದವು, ಮೊಟ್ಟೆ ತಟ್ಟೆಗೆ ಇಳಿದವು, ಅಡುಗೆಮನೆಯ ಡ್ರಾಯರಿಗೆ ನುಗ್ಗಿದವು.

"ರೀ, ಚಮಚದ ಜೊತೆ ಇದೇನು?"

"ವಾಲ್ವು. ಮುಟ್ಟಬೇಡ, ಅದು ಎಡಗಡೇದು."

"ಓವನ್ನಲ್ಲಿ?"

"ಅದು ಎಂಜಿನ್ನಿನ ಹೊರಕವಚ. ಬಿಸಿ ಮಾಡಿದ್ರೆ ಬೇರಿಂಗು ತಾನಾಗೇ ಉದುರುತ್ತಂತೆ. ಇನ್ನಿಪ್ಪತ್ತು ನಿಮಿಷ, ಬೆಂದುಹೋಗುತ್ತೆ."

ಬೇರಿಂಗು ನಿಜಕ್ಕೂ ಉದುರಿತು! ಡಾಕ್ಟರು ಕುಣಿದಾಡಿದರು. ಆದರೆ ಅಂದಿನಿಂದ ಆ ಓವನ್ನಿನಲ್ಲಿ ಬೆಂದ ಬ್ರೆಡ್ಡಿಗೆಲ್ಲ ಗ್ಯಾರೇಜಿನ ಪರಿಮಳ. ಹೆಂಡತಿ ಒಂದು ಚೂರು ಮುರಿದು ಮೂಸಿ, "ಇದಕ್ಕೆ ಬೆಣ್ಣೆ ಹಚ್ಚಲಾ, ಗ್ರೀಸು ಹಚ್ಚಲಾ?" ಎಂದು ಕೇಳಿದಳು.

ಮೂರು ವಾರ ಮುಗಿಯಿತು. ಗಾಡಿ ಗುಡುಗಲಿಲ್ಲ. ಗಾಡಿಯೇ ಇರಲಿಲ್ಲ, ಗುಡುಗುವುದೆಲ್ಲಿಂದ?

ನಾಲ್ಕನೇ ವಾರ ಪೆಟ್ರೋಲ್ ಟ್ಯಾಂಕಿನ ಸರದಿ. ಒಳಗೆಲ್ಲ ತುಕ್ಕು. ವಿನೆಗರ್ ಸುರಿದು, ಹಿಡಿ ಹಳೆ ನಟ್ಟು ಹಾಕಿ ಗಡಗಡ ಅಲ್ಲಾಡಿಸಿದರೆ ತುಕ್ಕು ಕಿತ್ತುಬರುತ್ತದೆ ಎಂದು ಎಲ್ಲೋ ಓದಿದ್ದರು. ಎರಡು ಗಂಟೆ ಅಲ್ಲಾಡಿಸಿದರು. ತೋಳು ಬಿದ್ದುಹೋಯಿತು, ತುಕ್ಕು ಬೀಳಲಿಲ್ಲ. ಆಗ ಅವರ ದೃಷ್ಟಿ ಹೋದದ್ದು ಮನೆಯೊಳಗಿನ ಓಣಿಯಲ್ಲಿದ್ದ ವಾಷಿಂಗ್ ಮಿಷನ್ ಮೇಲೆ. ಅಲ್ಲಾಡಿಸುವುದೇ ಅದರ ವೃತ್ತಿಯಲ್ಲವೇ! ಟ್ಯಾಂಕಿನ ಬಾಯಿಗೆ ಬಿರಡೆ ಜಡಿದು, ಹಳೆ ರಜಾಯಿ ಸುತ್ತಿ ಒಳಗಿಟ್ಟರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಗುಂಡಿ ಒತ್ತಿದರು.

ಮಿಷನ್ ಮೊದಲು ಗೊಣಗಿತು. ಆಮೇಲೆ ಆಲಿಕಲ್ಲು ಮಳೆಯ ಸದ್ದು. ಆಮೇಲೆ ಒಂದು ಕಾಲೆತ್ತಿತು, ಇನ್ನೊಂದು ಕಾಲೆತ್ತಿತು, ಹೊರಟೇಬಿಟ್ಟಿತು! ಡಾಕ್ಟರು ಓಡಿ ಅದನ್ನು ತಬ್ಬಿಕೊಂಡರು. ಅದು ಅವರನ್ನೂ ಕರೆದುಕೊಂಡು ಹೊರಟಿತು! ವಯರು ಎಟುಕುವವರೆಗೂ ನಡೆದು, ಪ್ಲಗ್ಗು ಕಿತ್ತುಕೊಂಡು, ಸ್ನಾನದ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಆ ಬಾಗಿಲು ಹೊರಕ್ಕೆ ತೆರೆಯುವಂಥದು. ಒಳಗೆ ಹೆಂಡತಿ.

"ರೀ, ಬಾಗಿಲು ಬರ್ತಿಲ್ಲ!"

"ಸ್ವಲ್ಪ ಇರು. ಮಿಷನ್ ಬಂದಿದೆ."

"ಯಾರು ಬಂದಿದಾರೆ?"

"ಯಾರೂ ಅಲ್ಲ, ವಾಷಿಂಗ್ ಮಿಷನ್ನು!"

"ಎಲ್ಲಿಗೆ?"

"ನಿನ್ನ ಹತ್ರಕ್ಕೇ!"

ಡಾಕ್ಟರು ತಳ್ಳಿದರು. ಅದು ನೀರು ತುಂಬಿಕೊಂಡ ಆನೆಯ ಹಾಗೆ ಅಲ್ಲಾಡದೆ ನಿಂತಿತ್ತು. ಆಗಲೇ ಮುಂಬಾಗಿಲ ಗಂಟೆ ಮೊಳಗಿತು. ಕೋಟು ಎಲ್ಲಿಗೆ ಬಂತೆಂದು ನೋಡಲು ಪ್ರಯೋಗಾಲಯದ ಮೇಲ್ವಿಚಾರಕಿ ಬಂದಿದ್ದರು.

"ಮೇಡಂ ಇಲ್ವಾ?"

"ಇದಾರೆ, ಬರೋಕಾಗ್ತಿಲ್ಲ. ಸ್ವಲ್ಪ ಈ ಕಡೆಯಿಂದ ಹಿಡ್ಕೊಳ್ತೀರಾ?"

ಮೇಲ್ವಿಚಾರಕಿ ಗಟ್ಟಿಗಿತ್ತಿ. ಚಪ್ಪಲಿ ಬಿಟ್ಟು ಸೊಂಟ ಕೊಟ್ಟರು. ಬಾಗಿಲು ಗೇಣಷ್ಟು ತೆರೆಯಿತು. ಆ ಗೇಣಿನೊಳಗಿಂದ ಒದ್ದೆ ತಲೆಯ ಹೆಂಡತಿ ಅಡ್ಡಡ್ಡವಾಗಿ ಹೊರಬಂದು, ಮೊದಲು ಗಿರಾಕಿಗೆ ನಮಸ್ಕಾರ ಹೇಳಿ, ಆಮೇಲೆ ಗಂಡನ ಕಡೆ ತಿರುಗಿ ನೋಡಿದಳು. ಆ ನೋಟಕ್ಕೆ ಟ್ಯಾಂಕಿನ ತುಕ್ಕೂ ಉದುರಬೇಕಿತ್ತು.

ಉದುರಿತ್ತು ಕೂಡ! ಬಿರಡೆ ಕಿತ್ತು, ಅಷ್ಟೂ ತುಕ್ಕು ಮಿಷನ್ನಿನೊಳಗೇ ಉದುರಿತ್ತು. ಡಾಕ್ಟರು ಎರಡು ಸಲ ಬರೀ ನೀರು ಓಡಿಸಿ, "ಕನ್ನಡಿ ಹಾಗಿದೆ, ಧೈರ್ಯವಾಗಿ ಬಳಸು" ಎಂದು ಪ್ರಮಾಣಪತ್ರ ಕೊಟ್ಟರು. ಗಂಡನ ಮಾತು ನಂಬುವ ತಪ್ಪು ಆ ಹೆಂಗಸಿನಿಂದಲೂ ಒಮ್ಮೊಮ್ಮೆ ಆಗುತ್ತದೆ. ಕೋಟುಗಳ ಮೇಲಿನ ಸೀಮೆಸುಣ್ಣದ ಗುರುತು ಹೋಗಲೆಂದು ಹನ್ನೆರಡನ್ನೂ ಅದರಲ್ಲಿ ಹಾಕಿದಳು. ಬಿಳಿಯಾಗಿ ಹೋದ ಕೋಟುಗಳು ಚಿರತೆಗಳಾಗಿ ಹೊರಬಂದವು!

ಅವಳು ಕೂಗಾಡಲಿಲ್ಲ. ಹೊಸ ಬಟ್ಟೆಯ ಥಾನು ತಂದು ಮೇಜಿನ ಮೇಲೆ ಬಿಚ್ಚಿದಳು.

"ಕೂತ್ಕೊಳ್ಳಿ."

"ನಾನ್ಯಾಕೆ?"

"ಗುಂಡಿ ಹೊಲಿಯೋಕೆ. ಒಸಡಿಗೆ ಹಾಕ್ತೀರಲ್ಲ ಹೊಲಿಗೆ? ಇದಕ್ಕೂ ಹಾಕಿ. ಅರವತ್ತು ಗುಂಡಿ. ಬುಧವಾರ ಕೊಡಬೇಕು."

ಮೂರು ದಿನ ಡಾಕ್ಟರು ಸ್ಪ್ಯಾನರು ಮುಟ್ಟಲಿಲ್ಲ. ಕಾಲು ಕುಣಿಯುತ್ತಿತ್ತು, ಕಣ್ಣು ಜಮಖಾನದ ಕಡೆ ಓಡುತ್ತಿತ್ತು, ಕೈ ಮಾತ್ರ ಗುಂಡಿ ಹೊಲಿಯುತ್ತಿತ್ತು. ಒಂದೊಂದಕ್ಕೂ ಬಾಯೊಳಗೆ ಹಾಕುವಂಥ ಶಸ್ತ್ರಚಿಕಿತ್ಸೆಯ ಗಂಟು. ಕೋಟು ಬುಧವಾರ ಹೋಯಿತು. ಗುರುವಾರ ಮೇಲ್ವಿಚಾರಕಿ ಫೋನು ಮಾಡಿ, ಹೊಲಿಗೆಯೇನೋ ಚೆನ್ನಾಗಿದೆ, ಆದರೆ ಬಾಗಿಲ ಹಿಡಿಗೆ ಸಿಕ್ಕಿಕೊಂಡ ಕೋಟೊಂದರಲ್ಲಿ ಬಟ್ಟೆಯೇ ಹರಿಯಿತೇ ಹೊರತು ಗುಂಡಿ ಜಗ್ಗಲಿಲ್ಲ ಎಂದು ತಿಳಿಸಿದರು.

ಉಳಿದದ್ದು ಒಂದೂವರೆ ವಾರ. ಡಾಕ್ಟರು ಊಟ ನಿಂತೇ ಮಾಡಿದರು. ಜೋಡಿಸಿದರು, ಬಿಚ್ಚಿದರು, ಮತ್ತೆ ಜೋಡಿಸಿದರು. ಶುಕ್ರವಾರ ಸಂಜೆಗೆ ಇನ್ನೂರ ಹದಿನಾಲ್ಕು ಭಾಗವೂ ತಂತಮ್ಮ ಜಾಗಕ್ಕೆ ಸೇರಿ, ಜಮಖಾನ ಬರಿದಾಯಿತು. ಟ್ಯಾಂಕಿಗೆ ಕಡುನೀಲಿ ಬಣ್ಣ, ಅಂಚಿಗೆ ಬಂಗಾರದ ಗೆರೆ. ಸೈಲೆನ್ಸರಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ಹೆಂಡತಿಯೂ ಬಂದು ಸೀಟಿನ ಮೇಲೆ ಕೈಯಾಡಿಸಿ, "ಚೆನ್ನಾಗಿದೆ ರೀ" ಅಂದಳು. ಆ ಸೀಟಿನ ಮುಂದೆ, ಟ್ಯಾಂಕಿನ ಮೇಲೆ ಕೂತೇ ಅವಳು ಶಾಲೆಗೆ ಹೋದದ್ದು.

ಶನಿವಾರ ಅಂಗಳಕ್ಕೆ ಇಳಿಸಿ ಕಿಕ್ ಒದ್ದರು. ಇಲ್ಲ. ನೂರು ಒದ್ದರು. ಇಲ್ಲ. ಪ್ಲಗ್ಗು ಬದಲಿಸಿ ಇನ್ನೂರು ಒದ್ದರು. ಗಾಡಿ ಒಮ್ಮೆ ಕೆಮ್ಮಲೂ ಇಲ್ಲ. ಡಾಕ್ಟರ ಬಲಗಾಲು ಎಡಗಾಲಿಗಿಂತ ದಪ್ಪವಾಯಿತು.

"ಪೆಟ್ರೋಲ್ ಬರ್ತಿದೆ, ಗಾಳಿ ಬರ್ತಿದೆ, ಕಿಡಿ ಮಾತ್ರ ಬರ್ತಿಲ್ಲ!"

"ಮೆಕ್ಯಾನಿಕ್ಕನ್ನ ಕರೀರಿ ಅಂದ್ರೆ ಕೇಳಲ್ಲ."

"ಅರ್ಧ ಕಿತ್ತ ಹಲ್ಲನ್ನ ಬೇರೆ ಡಾಕ್ಟ್ರಿಗೆ ಕೊಡ್ತಾರೇನೇ?"

ಭಾನುವಾರ ಹನ್ನೊಂದಕ್ಕೆ ಅತ್ತೆ ಮಾವ ಬಸ್ಸಿಳಿದು ಬಂದರು. ಮಾವ ಗೇಟಿನಲ್ಲೇ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಇದು ನನ್ನದೇನಾ?"

"ನಿಮ್ಮದೇ ಮಾವ! ಕೂತ್ಕೊಳ್ಳಿ!"

ಕೂತರು. ಎಡಗೈಯ ನಾಲ್ಕು ಬೆರಳು ತಾವಾಗಿಯೇ ಕ್ಲಚ್ಚು ಹುಡುಕಿ ಅಮುಕಿದವು. ಡಾಕ್ಟರು ಕುಂಟುತ್ತ ಬಂದು, ಉಸಿರು ಬಿಗಿಹಿಡಿದು, ಮಾವನ ಪಕ್ಕದಿಂದಲೇ ಕಿಕ್ ಒದ್ದರು. ಒದ್ದರು, ಒದ್ದರು, ಬೆವರಿ ನೀರಾದರು. ಕೊನೆಗೆ ಮಾವನೇ ಟ್ಯಾಂಕು ಸವರಿ, "ಬಿಡಿ, ಪಾಪ. ಅದಕ್ಕೂ ವಯಸ್ಸಾಯ್ತು" ಎಂದು ಕೆಳಗಿಳಿಯಲು ಕಾಲೆತ್ತಿದರು. ಡಾಕ್ಟರು ಮೆಟ್ಟಿಲ ಮೇಲೆ ಕುಸಿದರು. ಆರು ವಾರದಲ್ಲಿ ಅವರು ಅಲ್ಲಾಡದೆ ಕೂತದ್ದು ಅದೇ ಮೊದಲು.

"ಇಳೀಬೇಡಿ" ಅಂದರು ಅತ್ತೆ.

ಕೈಚೀಲ ತೆರೆದು, ಅದರೊಳಗಿನ ಪುಟ್ಟ ಪರ್ಸು ತೆರೆದು, ಅದರೊಳಗಿನ ಕಾಗದದ ಪೊಟ್ಟಣ ಬಿಡಿಸಿದರು. ಪೆನ್ಸಿಲ್ಲಿನ ಸೀಸದಂಥ ಒಂದು ಕರಿ ಕಡ್ಡಿ, ಅದರ ಬಾಲಕ್ಕೆ ಕೂದಲೆಳೆಯ ಸ್ಪ್ರಿಂಗು.

"ಇದಿಲ್ಲದಿದ್ರೆ ಕಿಡಿ ಹೆಂಗೆ ಬರುತ್ತೆ? ಇವರು ಆ ತಿರುವಿನಲ್ಲಿ ಮೂರನೇ ಸಲ ಬಿದ್ದು ಬಂದ್ರಲ್ಲ, ಅವತ್ತು ನಾನೇ ತೆಗೆದಿಟ್ಟೆ. ಮೂವತ್ತು ವರ್ಷ ಇವರು ರಿಪೇರಿ ಮಾಡೋವಾಗ ಟಾರ್ಚು ಹಿಡಿದು ನಿಂತೋಳು, ಇಷ್ಟು ಗೊತ್ತಾಗಲ್ವಾ?"

ಮಾವ ಹೆಂಡತಿಯ ಮುಖ ನೋಡದೆ ಮೆಲ್ಲಗೆ ಹೇಳಿದರು.

"ನನಗೆ ಗೊತ್ತಿತ್ತು."

"ಗೊತ್ತಿತ್ತಾ!"

"ಮಾರನೇ ದಿನವೇ ಗೊತ್ತಾಯ್ತು. ಹೊಸದೊಂದು ತಂದು ಹಾಕೋದು ಕಷ್ಟವಾ? ನನಗೇ ಭಯ ಹತ್ತಿತ್ತು ಕಣೇ. ಗಾಡಿ ಹೊರಡಲ್ಲ ಅಂದ್ರೆ ಮರ್ಯಾದೆ ಉಳಿಯುತ್ತೆ. ನಾನು ಹೊರಡಲ್ಲ ಅಂತ ಯಾರಿಗೆ ಹೇಳಲಿ?"

"ಅಯ್ಯೋ ನಿಮ್ಮ! ಹಂಗಾದ್ರೆ ಹದಿನೆಂಟು ವರ್ಷ ನಾನು ಇದನ್ನ ಚೀಲದಿಂದ ಚೀಲಕ್ಕೆ ಹೊತ್ತು ತಿರುಗಿದ್ದು?"

ಇಬ್ಬರೂ ನಕ್ಕರು. ಎಪ್ಪತ್ತು ದಾಟಿದ ಇಬ್ಬರು, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಕ್ಕಳ ಹಾಗೆ. ಮಾವ ಒಂದು ಸ್ಕ್ರೂ ಸಡಿಲಿಸಿ, ಕಡ್ಡಿಯನ್ನು ಅದರ ಗೂಡಿಗೆ ಸೇರಿಸಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಒಂದೇ ಒಂದು ಕಿಕ್. ಗಾಡಿ ಗುಡುಗಿತು! ಪಕ್ಕದ ಮನೆಯ ನಾಯಿ ಮಂಚದ ಕೆಳಗೆ ಓಡಿತು.

"ಬಾ, ಬೀದಿ ತುದಿವರೆಗೆ ಮಾತ್ರ" ಅಂದರು ಮಾವ. "ನಿಧಾನಕ್ಕೆ" ಅಂದರು ಅತ್ತೆ, ಹತ್ತಿ ಕೂತರು.

ಡಾಕ್ಟರು ಓಡಿಬಂದು ಹ್ಯಾಂಡಲಿಗೆ ಅಡ್ಡ ನಿಂತರು.

"ಅತ್ತೆ! ಹಾಗಾದ್ರೆ ಎಂಜಿನ್ ಬಿಚ್ಚೋದೇ ಬೇಕಿರಲಿಲ್ವಾ?"

"ಎಂಜಿನ್ನಿಗೆ ಏನಾಗಿತ್ತು ಅಳಿಯಂದಿರೇ? ಗಟ್ಟಿಮುಟ್ಟಾಗಿತ್ತಲ್ಲ."

"ಮತ್ತೆ ನನಗೊಂದು ಮಾತು ಹೇಳಬಾರದಿತ್ತಾ!"

ಅತ್ತೆ ಕೈಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡರು.

"ನೀವು ಡಾಕ್ಟ್ರಲ್ವಾ? ಕುಯ್ಯೋಕೆ ಮುಂಚೆ ರೋಗಿ ಮನೆಯೋರನ್ನ ಒಂದು ಮಾತು ಕೇಳ್ತಾರೆ ಅಂದ್ಕೊಂಡೆ."

ಗಾಡಿ ಹೊಗೆ ಬಿಟ್ಟು ಹೊರಟುಹೋಯಿತು. ಆ ಹೊಗೆಯ ನಡುವೆ ಡಾಕ್ಟರು ಏನೋ ಹೇಳಲೆಂದು ತೆರೆದ ಬಾಯಿಯನ್ನು ತೆರೆದೇ ಇಟ್ಟುಕೊಂಡು ನಿಂತಿದ್ದರು. ಹೆಂಡತಿ ಹತ್ತಿರ ಬಂದು, ಎರಡು ಬೆರಳಿನಿಂದ ಅವರ ಗದ್ದ ಮೆಲ್ಲಗೆ ಮೇಲಕ್ಕೆತ್ತಿದಳು.

"ಆಯ್ತು ರೀ. ಈಗ ಮುಚ್ಚಬಹುದು."