ಊಟ ಆಯ್ತಾ ಎಂಬ ಅಂತರರಾಷ್ಟ್ರೀಯ ಪ್ರಶ್ನೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಯಾವುದೇ ನಾಗರಿಕರು ಪರದೇಶದವರಿಗೆ ಆನ್‌ಲೈನಿನಲ್ಲಿ ಪ್ರಶ್ನೆ ಕೇಳಬೇಕಾದಲ್ಲಿ ಅದನ್ನು ಚನ್ನಗಿರಿಯ ಅಂತರರಾಷ್ಟ್ರೀಯ ಪ್ರಶ್ನಾ ಕೇಂದ್ರದ ಮೂಲಕವೇ ಕೇಳತಕ್ಕದ್ದು. ಜನ ತಮ್ಮ ಪಾಡಿಗೆ ತಾವು ಮೊಬೈಲಿನಲ್ಲಿ ಏನೇನೋ ಕೇಳಿ ನಾಲ್ಕೂ ತಾಲ್ಲೂಕಿನ ಮಾನ ಕಳೆಯಬಾರದೆಂದು ಈ ವ್ಯವಸ್ಥೆ. ನಾನು ಕೇಂದ್ರದ ಗುಮಾಸ್ತ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ನಮ್ಮನ್ನು ಆಡಿಕೊಳ್ಳುವವರು ಈಚೆಗೆ ಹೆಚ್ಚಾಗಿದ್ದಾರೆ. ಮಾಡಾಕೆ ಕೆಲಸ ಇಲ್ಲದವರು. ಓಬಣ್ಣನವರ ಮೀನಿನ ವಿಷಯದಲ್ಲಿ ಎಲ್ಲವೂ ನಿಯಮದ ಪ್ರಕಾರವೇ ನಡೆಯಿತೆಂದು ಅವರಿಗೆ ಈ ಮೂಲಕ ತಿಳಿಯಪಡಿಸಲಾಗಿದೆ.

ತ್ಯಾವಣಿಗೆ ಕಡೆಯ ಓಬಣ್ಣ ಮತ್ತು ಗಿಡ್ಡಮ್ಮ ಗಂಡ ಹೆಂಡತಿ ತಮಗಿದ್ದ ತುಂಡು ಜಮೀನಿನಲ್ಲಿ ಹೊಂಡ ತೆಗೆಸಿ ಮೀನು ಸಾಕಿದ್ದರು. ಅವರ ಅನ್ನ ಅದೇ. ಒಂದು ಸೋಮವಾರ ಓಬಣ್ಣ ನಮ್ಮ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು.

“ಬೆಳಗ್ಗೆ ಬೆಳಗ್ಗೆ ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಾವೆ ಸಾರ್. ಇಲ್ಲಿ ಮೀನುಗಾರಿಕೆ ಇಲಾಖೆಯಾಗೆ ಕೇಳಿದ್ರೆ ಸಾಹೇಬ್ರು ವರ್ಗ ಆಗ್ಯಾರೆ, ಹೊಸಬ್ರು ಬಂದಿಲ್ಲ ಅಂತಾರೆ. ಬೇರೆ ದೇಶದಾಗೂ ಮೀನು ಸಾಕೋರು ಇರ್ತಾರಲ್ಲ, ಅವ್ರನ್ನ ಕೇಳ್ರಿ. ಇವತ್ತೇ ಕೇಳ್ರಿ.”

ಪ್ರಶ್ನೆ ಬರೆಯುವ ಕೆಲಸಕ್ಕೆ ನಮ್ಮಲ್ಲಿ ರುದ್ರಾಣಿ ಎಂಬ ಹುಡುಗಿ ಇದ್ದಾಳೆ. ಹೊಸಬಳು, ಹಾಗಾಗಿ ಕೆಲಸ ಬೇಗ ಮಾಡುತ್ತಾಳೆ. ಓಬಣ್ಣ ಮಾತು ಮುಗಿಸುವಷ್ಟರಲ್ಲಿ ಅವಳು ಬರೆದಾಗಿತ್ತು: “ನಮ್ಮ ಹೊಂಡದ ಮೀನುಗಳು ಬೆಳಗಿನ ಹೊತ್ತು ನೀರಿನ ಮೇಲೆ ಬಂದು ಬಾಯಿ ತೆರೆಯುತ್ತಿವೆ. ಸಾಯದಂತೆ ಏನು ಮಾಡಬೇಕು?”

ಪ್ರಶ್ನಾಧಿಕಾರಿ ಪಂಚಾಕ್ಷರಪ್ಪನವರು ಓದಿ ಕನ್ನಡಕ ತೆಗೆದರು. “ಏನಮ್ಮ ಇದು? ಗುರುತಿಲ್ಲದೋರ ಮನೆ ಬಾಗಿಲು ಬಡಿದು, ಮುಖ ಕಂಡ ಕೂಡ್ಲೆ ಮೀನು ಅಂತೀವೇನು? ಊಟ ಆಯ್ತಾ ಅಂತ ಕೇಳದೆ ಮಾತು ತೆಗೆಯೋ ಪದ್ಧತಿ ನಮ್ಮ ಕಡೆ ಐತೇನು?”

“ಆನ್‌ಲೈನಾಗೆ ಎಲ್ರೂ ಹಿಂಗೇ ಕೇಳ್ತಾರೆ ಸಾರ್.”

“ಅದಕ್ಕೇ ಪ್ರಪಂಚ ಹಿಂಗಾಗಿರೋದು.”

ಆ ಮಾತು ನನಗೆ ಬಹಳ ಹಿಡಿಸಿತು. ಕೂಡಲೇ ನಿಯಮ ಬರೆದುಕೊಂಡೆ: ಪ್ರತಿ ಪ್ರಶ್ನೆಯೂ ಊಟ ವಿಚಾರಿಸಿ, ಮನೆ ಕಡೆ ಕ್ಷೇಮ ಕೇಳಿ, ಮಳೆ ಬೆಳೆ ಮಾತಾಡಿದ ನಂತರವೇ ಆರಂಭವಾಗತಕ್ಕದ್ದು.

ಮಧ್ಯಾಹ್ನ ನಾಲ್ಕು ತಾಲ್ಲೂಕಿನ ಪ್ರತಿನಿಧಿಗಳ ಸಭೆ ಕರೆಯಲಾಯಿತು. ಜಗಳೂರಿನ ಶಿವಮೂರ್ತಪ್ಪನವರು ಎದ್ದು ನಿಂತು, “ನಮ್ಮಲ್ಲಿ ಕುಡಿಯಾಕೆ ನೀರಿಗೆ ಕೊಡ ಹಿಡ್ಕೊಂಡು ನಿಂತಿರ್ತೀವಿ. ನೀವು ಹೊಂಡದ ತುಂಬ ನೀರು ಅಂತ ಪ್ರಪಂಚಕ್ಕೆಲ್ಲ ಸಾರಿದ್ರೆ ನಮಗೆ ಹೆಂಗಾಗ್ಬೇಕು?” ಎಂದರು. ಅವರ ಮನಸ್ಸು ನೋಯಿಸಬಾರದೆಂದು ನೀರು ಎಂಬ ಪದವನ್ನು ತೆಗೆದು ‘ಯಥೋಚಿತ ದ್ರವ’ ಎಂದು ಹಾಕಲಾಯಿತು. ನ್ಯಾಮತಿ ಹೊಸ ತಾಲ್ಲೂಕು, ಎಲ್ಲ ಕಡೆ ಕೊನೆಗೆ ಹಾಕುತ್ತಾರೆಂದು ಅವರಿಗೆ ಸಿಟ್ಟು. ಆದ್ದರಿಂದ ಅದರ ಹೆಸರನ್ನು ಮೊದಲು ಬರೆಯಲಾಯಿತು. ಹೊನ್ನಾಳಿಯವರು ಸಾವಿನ ಮಾತು ಅಪಶಕುನ ಎಂದರು. ಅದೂ ಹೋಯಿತು.

ಓಬಣ್ಣ ವರಾಂಡದಲ್ಲಿ ಕೂತೇ ಇದ್ದರು. ಸಂಜೆ ಅವರು ಒಳಗೆ ಇಣುಕಿ “ಕೇಳಿದ್ರಾ ಸಾರ್?” ಎಂದಾಗ ಪಂಚಾಕ್ಷರಪ್ಪನವರು ಸಮಾಧಾನವಾಗಿಯೇ, “ತಾಳಿದವನು ಬಾಳಿಯಾನು ಓಬಣ್ಣ” ಎಂದರು.

“ಅದು ಮನುಷ್ಯರಿಗೆ ಸಾರ್. ಮೀನಿಗೆ ಗೊತ್ತಾಗಲ್ಲ.”

ಓಬಣ್ಣನವರ ಊಟ ಆಯಿತೋ ಇಲ್ಲವೋ ಆ ದಿನ ಯಾರೂ ಕೇಳಲಿಲ್ಲ ಎಂದು ರುದ್ರಾಣಿ ಆಮೇಲೆ ಆಕ್ಷೇಪ ಎತ್ತಿದ್ದಾಳೆ. ಓಬಣ್ಣನವರು ಅಂತರರಾಷ್ಟ್ರೀಯ ವ್ಯಾಪ್ತಿಗೆ ಬರುವುದಿಲ್ಲ.

ಸಹಿಗಳೆಲ್ಲ ಆಗಿ ಬುಧವಾರ ಪ್ರಶ್ನೆ ಇಂಗ್ಲಿಷಿಗೆ ತಿರುಗಿ ಲೋಕಕ್ಕೆ ಹೋಯಿತು. ಅದರ ಮೂಲಪಾಠ ಹೀಗಿದೆ:

“ಪೂಜ್ಯರೇ, ಊಟ ಆಯ್ತಾ? ಮನೆ ಕಡೆ ಎಲ್ಲ ಆರಾಮಾ? ಮಳೆ ಬೆಳೆ ಹೇಗಿದೆ? ನ್ಯಾಮತಿ, ಚನ್ನಗಿರಿ, ಹೊನ್ನಾಳಿ, ಜಗಳೂರಿನಲ್ಲಿ ಎಲ್ಲರೂ ಕ್ಷೇಮ. ನಮ್ಮ ಮೀನುಗಳು ಬೆಳಗಿನ ವೇಳೆ ಯಥೋಚಿತ ದ್ರವದ ಮೇಲ್ಭಾಗಕ್ಕೆ ಬಂದು ಸಂತೋಷದಿಂದ ಬಾಯಿ ತೆರೆದು ಆಕಾಶ ವೀಕ್ಷಿಸುತ್ತಿವೆ. ಈ ಬಗ್ಗೆ ತಮ್ಮ ಅಭಿಪ್ರಾಯವೇನು?”

ಉತ್ತರಗಳು ಬಂದವು ನೋಡಿ, ಕಂಪ್ಯೂಟರ್ ತಡೆಯಲಾರದಷ್ಟು. ನಾರ್ವೆಯವನೊಬ್ಬ ಇನ್ನೂ ಇಲ್ಲ, ಈಗ ಆಲೂಗಡ್ಡೆ ಬೇಯಿಸುತ್ತಿದ್ದೇನೆ ಎಂದ. ಕೀನ್ಯಾದಿಂದ ಒಂದು ಇಡೀ ಶಾಲೆಯೇ ಆಯ್ತು ಎಂದಿತು. ಚಿಲಿ ದೇಶದ ಒಬ್ಬ ಹೆಂಗಸು, ಗಂಡ ತೀರಿಕೊಂಡ ಮೇಲೆ ಈ ಮಾತನ್ನು ನನಗೆ ಯಾರೂ ಕೇಳಿರಲಿಲ್ಲ, ಓದಿ ಅತ್ತುಬಿಟ್ಟೆ ಎಂದು ಬರೆದಿದ್ದಳು. ಸುಳ್ಳು ಯಾಕೆ ಹೇಳಲಿ, ನನಗೂ ಕಣ್ಣು ತುಂಬಿ ಬಂತು. ಮೀನಿನ ಬಗ್ಗೆ ಬರೆದವರೆಲ್ಲ ಬಹಳ ಚೆಂದ, ಫೋಟೋ ಕಳಿಸಿ ಎಂದಿದ್ದರು.

ವಿಯೆಟ್ನಾಮಿನವನೊಬ್ಬ ಮಾತ್ರ ಒರಟ. “ಅವು ಆಕಾಶ ನೋಡುತ್ತಿಲ್ಲ. ಅವಕ್ಕೆ ಉಸಿರು ಸಿಗುತ್ತಿಲ್ಲ. ಈಗಲೇ ಹೊಸ ನೀರು ಬಿಡಿ, ಮೇವು ಹಾಕುವುದು ನಿಲ್ಲಿಸಿ” ಎಂದು ಬರೆದಿದ್ದ. ರುದ್ರಾಣಿ ಕುರ್ಚಿಯಿಂದ ಎದ್ದೇಬಿಟ್ಟಳು.

“ಓಬಣ್ಣಂಗೆ ಫೋನ್ ಮಾಡ್ಲಾ ಸಾರ್?”

“ಈತಂದು ಊಟ ಆಗೈತಾ?” ಎಂದರು ಪಂಚಾಕ್ಷರಪ್ಪನವರು. “ಬರೆದಿಲ್ಲ. ಮನೆ ಕ್ಷೇಮ? ಬರೆದಿಲ್ಲ. ಮೊದಲನೇ ಪ್ರಶ್ನೆಗೇ ಉತ್ತರ ಇಲ್ಲ, ಸೀದಾ ಕೊನೇದಕ್ಕೆ ಹಾರ್‍ಯಾನೆ. ವಾಪಸ್ ಕಳಿಸಮ್ಮ, ಪೂರ್ತಿ ಮಾಡಿ ಕಳಿಸ್ಲಿ.”

ಅಪೂರ್ಣ ಉತ್ತರವನ್ನು ಫಲಾನುಭವಿಗೆ ತಿಳಿಸಬಾರದು. ಆದರೂ ರುದ್ರಾಣಿ ಮಧ್ಯಾಹ್ನ ಹೊರಗೆ ಹೋಗಿ ಫೋನ್ ಮಾಡಿದಳು. ಅದಕ್ಕಾಗಿ ಆಕೆಗೆ ನೋಟಿಸ್ ಕೊಡಲಾಗಿದೆ. ಫೋನ್ ಎತ್ತಿದ್ದು ಗಿಡ್ಡಮ್ಮ. “ಬೆಳಗ್ಗೆನೇ ಎಲ್ಲ ತೇಲಿದ್ವು ತಾಯಿ. ಅವರು ಗುಂಡಿ ತೋಡಾಕೆ ಹೋಗ್ಯಾರೆ” ಅಂದಳಂತೆ. ರುದ್ರಾಣಿ ಬಂದು ತನ್ನ ಜಾಗದಲ್ಲಿ ಕೂತು ಅತ್ತಳು. ಕಚೇರಿ ವೇಳೆಯಲ್ಲಿ ಅಳುವ ಬಗ್ಗೆ ನಿಯಮ ಇನ್ನೂ ಆಗಿಲ್ಲವಾದ್ದರಿಂದ ನಾನು ಸುಮ್ಮನಿದ್ದೆ. ಶುಕ್ರವಾರ ವಿಯೆಟ್ನಾಮಿನವನು ಊಟ ಆಯಿತು, ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಸೇರಿಸಿ ಮತ್ತೆ ಕಳಿಸಿದ. ಅದನ್ನು ಅಂಗೀಕರಿಸಲಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಉತ್ತರ ಬರೆದವರೆಲ್ಲ ಮರ್ಯಾದಸ್ತರು, “ನಿಮ್ಮದು ಆಯ್ತಾ?” ಎಂದು ತಿರುಗಿ ಕೇಳಿದ್ದರು. ಇಡೀ ಪ್ರಪಂಚ ಕಾಯುತ್ತಿದೆ, ಉತ್ತರ ಕೊಡದಿದ್ದರೆ ನಾಲ್ಕೂ ತಾಲ್ಲೂಕಿಗೆ ಅವಮಾನ. ಪ್ರಶ್ನೆ ಓಬಣ್ಣನವರದ್ದಾದ್ದರಿಂದ ಉತ್ತರವೂ ಅವರದ್ದೇ ಎಂದು ಸಭೆ ತೀರ್ಮಾನಿಸಿತು. ಹೇಗೂ ಅವರಿಗೆ ಈಗ ಬೇರೆ ಕೆಲಸ ಇರಲಿಲ್ಲ. ಅವರನ್ನು ಕರೆಸಿ, ದಿನಗೂಲಿ ಮೇಲೆ ಕಂಪ್ಯೂಟರಿನ ಮುಂದೆ ಕೂರಿಸಲಾಯಿತು. ಮೊದಲ ಪತ್ರ ಚಿಲಿಯ ಆ ಹೆಂಗಸಿನದು. ರುದ್ರಾಣಿ ಓದಿ ಹೇಳಿದಳು.

ಓಬಣ್ಣ ಪಂಚಾಕ್ಷರಪ್ಪನವರ ಕಡೆ ತಿರುಗಿದರು. “ಇಲ್ಲ ಅಂತ ಬರೀಬೌದಾ ಸಾರ್?”

“ಇಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರಲ್ಲ ಓಬಣ್ಣ,” ಎಂದರು ಪಂಚಾಕ್ಷರಪ್ಪನವರು.

ಓಬಣ್ಣನವರು ಒಪ್ಪಿದರು. ಈಗ ಅವರು ದಿನವೂ ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುತ್ತಾರೆ. ಒಂದೇ ಬೆರಳಿನಲ್ಲಿ ನಿಧಾನವಾಗಿ ‘ಆಯ್ತು’ ಎಂದು ಒತ್ತುತ್ತಾರೆ, ಮುಂದಿನ ದೇಶಕ್ಕೆ ಹೋಗುತ್ತಾರೆ. ಇದುವರೆಗೆ ಒಂದು ತಪ್ಪೂ ಮಾಡಿಲ್ಲ.