ಗುಂಡಿನ ನೆತ್ತಿಯ ಮೇಲೆ ಮೂರು ಗೆರೆ

ನಮ್ಮ ಮನೆಗೆ ಯಾವ ಹೊಸ ವಸ್ತುವೂ ಮೊದಲ ದಿನ ವಸ್ತುವಾಗಿ ಬರುವುದಿಲ್ಲ, ದೇವರಾಗಿ ಬರುತ್ತದೆ. ಫ್ರಿಜ್ಜು ಬಂದ ದಿನ ಅದರ ಹಣೆ ಎಲ್ಲಿದೆ ಎಂದು ಹುಡುಕಿ ಕುಂಕುಮ ಹಚ್ಚಿದೆವು, ಹಿಡಿಕೆಗೆ ಹೂವು ಸಿಕ್ಕಿಸಿದೆವು, ಜೊತೆಗೆ ಬಂದ ಬಳಕೆಯ ಪುಸ್ತಕಕ್ಕೂ ನಾಲ್ಕು ಕಾಳು ಅಕ್ಕಿ ಹಾಕಿ ದೇವರ ಜಗಲಿಯ ಮೇಲಿಟ್ಟೆವು. ಆಮೇಲೆ ಫ್ರಿಜ್ಜು ಎಷ್ಟೋ ಸಲ ಕೆಟ್ಟು ರಿಪೇರಿಯಾಗಿದೆ. ಪುಸ್ತಕ ಮಾತ್ರ ಮೊನ್ನೆಯವರೆಗೂ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬಂದಿರಲಿಲ್ಲ. ನಾನು ರಾಯಚೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳುವವನು. ಮೂಢನಂಬಿಕೆಯ ವಿರುದ್ಧ ಗಂಟೆ ಹೊಡೆದದ್ದೂ ತಿಳಿಯದಂತೆ ಮಾತಾಡಬಲ್ಲೆ. ಮನೆಯಲ್ಲಿ ಪೂಜೆಯ ಹೊತ್ತಿಗೆ ಬೆಂಕಿಪೊಟ್ಟಣ ಹುಡುಕಿ ಕೊಡುವವನೂ ನಾನೇ.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ, ಅವರಲ್ಲಿ ನನ್ನನ್ನಂತೂ ಮೊದಲು ನಂಬುವುದಿಲ್ಲ. ನನ್ನ ನೆನಪಿಗೆ ಒಂದು ಕೆಟ್ಟ ಚಟವಿದೆ. ಎಲ್ಲ ಘಟನೆಗಳ ನಟ್ಟನಡುವೆ ನನ್ನನ್ನು ಕೈಕಟ್ಟಿ ನಿಲ್ಲಿಸಿ, ಎಲ್ಲವೂ ಮೊದಲೇ ಗೊತ್ತಿದ್ದವನಂಥ ಮುಖ ಕೊಡುತ್ತದೆ. ಹೆಂಡತಿ ಶರಣಮ್ಮನ ನೆನಪಿನಲ್ಲಿ ಅದೇ ಜಾಗದಲ್ಲಿ ನಾನು ನಟ್ಟು ಬಿಗಿಯುವ ತಪ್ಪು ಪಾನಾ ಹಿಡಿದು ನಿಂತಿರುತ್ತೇನೆ. ಸತ್ಯ ಇವೆರಡರ ಮಧ್ಯೆ ಎಲ್ಲೋ ಇರಬೇಕು. ಬಹುಶಃ ಅವಳ ಮಗ್ಗುಲಿಗೇ ಇರಬೇಕು. ಹಾಗಾಗಿ ಮುಂದಿನದರಲ್ಲಿ ನಾನು ಜಾಣನಂತೆ ಕಂಡಲ್ಲೆಲ್ಲ ಓದುಗರು ಸ್ವಲ್ಪ ಕಳೆದುಕೊಂಡು ಓದಬೇಕು.

ಶರಣಮ್ಮ ಜೋಳದ ರೊಟ್ಟಿಯ ವ್ಯಾಪಾರ ಮಾಡುತ್ತಾಳೆ. ನಮ್ಮ ಓಣಿಯಲ್ಲಿ ಅವಳು ರೊಟ್ಟಿ ಶರಣಮ್ಮ, ನಾನು ರೊಟ್ಟಿ ಶರಣಮ್ಮನ ಗಂಡ. ನನ್ನ ಕಥಾಸಂಕಲನದ ಮಾರಾಟವಾಗದ ಪ್ರತಿಗಳು ಮಂಚದ ಕೆಳಗಿದ್ದವು. ಹಿಟ್ಟಿನ ಡಬ್ಬಿಗಳಿಗೆ ಜಾಗ ಬೇಕಾದಾಗ ಅವು ಅಟ್ಟ ಹತ್ತಿದವು. ಹೀಗಿರುವಾಗ ದೇವದುರ್ಗದಿಂದ ಒಂದು ಆರ್ಡರ್ ಬಂತು. ನಿವೃತ್ತ ಟೀಚರೊಬ್ಬರ ಮೊಮ್ಮಗನ ತೊಟ್ಟಿಲು ಕಾರ್ಯ, ಮಧ್ಯಾಹ್ನದ ಊಟ. ಊರ ಹೊರಗಿನ ಮೊದಲ ಆರ್ಡರ್. ಟೀಚರು ಫೋನಿನಲ್ಲೇ ಷರತ್ತು ಹಾಕಿದರು: "ಡಬ್ಬ್ಯಾಗ ತುಂಬಿ ಆರಿದ ರೊಟ್ಟಿ ತರೂದಾದ್ರ ಬ್ಯಾಡವ್ವಾ. ಹಂಚಿನ ಮ್ಯಾಲಿಂದ ಎದ್ದಿದ್ದು ಸೀದಾ ತಾಟಿಗೆ ಬೀಳಬೇಕು. ನಮ್ಮ ಬೀಗರು ಭಾಳ ಮಾತಾಡೂ ಮಂದಿ." ಶರಣಮ್ಮ ಹೂಂ ಅಂದಳು. ಒಲೆ, ಹಂಚು, ರೊಟ್ಟಿ ಬಡಿಯುವ ಕಲ್ಲು ಎಲ್ಲವನ್ನೂ ಜೋಡಿಸಿದ ಸಣ್ಣ ಟ್ರೇಲರ್ ಮಾಡಿಸಿ, ನಮ್ಮ ಹಳೆಯ ಜೀಪಿಗೆ ಕಟ್ಟಿಕೊಂಡು ಹೋಗುವುದೆಂದು ನಿರ್ಧಾರವಾಯಿತು. ಈ ಉಪಾಯ ನನ್ನದೆಂದು ನನ್ನ ನೆನಪು ಹೇಳುತ್ತದೆ. ಆರ್ಡರ್ ಕೈತಪ್ಪಿದ್ದರೆ ಉಪಾಯ ನನ್ನದೇ ಆಗಿರುತ್ತಿತ್ತು ಎನ್ನುವುದರಲ್ಲಂತೂ ಅನುಮಾನವಿಲ್ಲ.

ವೆಲ್ಡಿಂಗ್ ಅಂಗಡಿಯ ಮೌಲಾಸಾಬ್ ಟ್ರೇಲರ್ ಮಾಡಿಕೊಟ್ಟ. ಮುಂದಿನ ಮೂತಿಗೆ ಹೈದರಾಬಾದಿನಿಂದ ಒಂದು ಕಪ್ಲರ್ ತರಿಸಿದ. ಅದೊಂದು ಕಬ್ಬಿಣದ ಟೋಪಿ; ಜೀಪಿನ ಹಿಂದೆ ಕೂಡಿಸುವ ಉಕ್ಕಿನ ಗುಂಡನ್ನು ಮೇಲಿನಿಂದ ಮುಚ್ಚಿ ಕಚ್ಚಿ ಹಿಡಿಯುತ್ತದೆ. ಇನ್ನು ಗುಂಡನ್ನು ಆರಿಸುವ ಕೆಲಸ. ಇದಕ್ಕಾಗಿ ನಾನು ಮೊಬೈಲಿನಲ್ಲಿ ಇದ್ದಬದ್ದ ವಿಡಿಯೊ ಎಲ್ಲ ನೋಡಿದೆ. ಗುಂಡು ಮತ್ತು ಟೋಪಿ ಎರಡರ ಮೇಲೂ ಅಳತೆ ಕೆತ್ತಿರುತ್ತದೆ, ಎರಡೂ ಒಂದೇ ಇರಬೇಕು ಎಂದು ಬೇರೆ ಬೇರೆ ದೇಶದ ಗಂಡಸರು ತಮ್ಮ ತಮ್ಮ ಅಂಗಳದಲ್ಲಿ ನಿಂತು ಹೇಳಿದರು. ನನಗೆ ಪೂರ್ತಿ ತಿಳಿಯಿತು. ತಿಳಿದದ್ದು ಬೇರೆ, ಮಾನ್ವಿಯಿಂದ ಬಸಣ್ಣನವರು ಬಂದದ್ದು ಬೇರೆ.

ಬಸಣ್ಣ ಶರಣಮ್ಮನ ಅಣ್ಣ. ಮಾನ್ವಿಯಲ್ಲಿ ಅಕ್ಕಿ ಗಿರಣಿ, ಎರಡು ಟ್ರ್ಯಾಕ್ಟರ್, ಎಲ್ಲ ವಿಷಯದ ಮೇಲೂ ಒಂದೊಂದು ಅಭಿಪ್ರಾಯ. ರಾಯಚೂರಿನ ಬಿಡಿಭಾಗದ ಅಂಗಡಿಗೆ ನಾವಿಬ್ಬರೂ ಹೋದೆವು, ಮೌಲಾಸಾಬ್ ಆಗಲೇ ಕೆಂಪು ಬಣ್ಣ ಬಳಿದಿದ್ದ ಕಪ್ಲರನ್ನು ಚೀಲದಲ್ಲಿಟ್ಟುಕೊಂಡು. ಅಂಗಡಿಯವನು ಗ್ರೀಸು ಮೆತ್ತಿದ ಎರಡು ಗುಂಡು ತಂದಿಟ್ಟ. "ಸೈಜು ಎಷ್ಟು?" ಎಂದೆ. "ಸೈಜಾ? ಎಲ್ಲಾದಕ್ಕೂ ಕುಂದ್ರತದ ಸರ್. ನಿನ್ನೆನೂ ಒಬ್ರು ಒಯ್ದಾರ," ಎಂದ. ನಿನ್ನೆ ಒಬ್ಬರು ಒಯ್ದಿದ್ದಾರೆ ಎನ್ನುವುದಕ್ಕಿಂತ ದೊಡ್ಡ ಪ್ರಮಾಣಪತ್ರ ನಮ್ಮ ಜಿಲ್ಲೆಯಲ್ಲಿ ಇಲ್ಲ. ಒಯ್ದವರು ಯಾಕೆ ಒಯ್ದರೋ. ಊರಿನ ದೊಡ್ಡ ದೊಡ್ಡ ಕಾರುಗಳ ಹಿಂದೆ ಇಂಥ ಗುಂಡು ಹೊಳೆಯುವುದನ್ನು ನಾನು ದಿನಾ ನೋಡುತ್ತೇನೆ. ಒಂದೂ ಏನನ್ನೂ ಎಳೆದದ್ದನ್ನು ನೋಡಿಲ್ಲ. ಮಾಲೀಕರು ಏನನ್ನೋ ಎಳೆಯಬಲ್ಲರು ಎಂದು ತೋರಿಸುವುದಷ್ಟೇ ಅದರ ಕೆಲಸ. ಸಂದಣಿಯಲ್ಲಿ ಹಿಂದೆ ಬಂದು ನಿಲ್ಲುವ ಬೈಕಿನವರ ಮೊಣಕಾಲಿಗೆ ಮಾತ್ರ ಅದರ ಗಟ್ಟಿತನ ಗೊತ್ತು.

ಬಸಣ್ಣ ಟೋಪಿಯನ್ನು ಒಂದೊಂದೇ ಗುಂಡಿನ ಮೇಲೆ ಕೂಡಿಸಿ ಅಲ್ಲಾಡಿಸಿದರು. ಒಂದರ ಮೇಲೆ ಅದು ಸದ್ದಿಲ್ಲದೆ ಕೂತಿತು. ಇನ್ನೊಂದರ ಮೇಲೆ ಟಕ್ ಟಕ್ ಅಂದಿತು. ಬಸಣ್ಣನವರ ಮುಖ ಅರಳಿತು.

"ನೋಡ್ರಿ ಅಳಿಯಾರ, ಇದು ಆಡಾಕತ್ತದ. ಇದರಾಗ ಜೀವ ಅದ. ಅದು ಸತ್ತಂಗ ಕುಂತದ."

"ಆಡಬಾರದಂತ ಹೇಳ್ತಾರ್ರಿ," ಎಂದೆ.

"ಯಾರು?"

"ವಿಡಿಯೊದಾಗ."

"ಅವರಿಗೆ ನಮ್ಮ ರೋಡ್ ಗೊತ್ತೇನು? ನಮ್ಮ ಟ್ರ್ಯಾಲಿ ಪಿನ್ನಿನ ತೂತಿನಾಗ ಹೆಬ್ಬಟ್ಟು ಹೋಗ್ತದ. ಎಷ್ಟು ಸುಗ್ಗಿ ಎಳದೀವಿ! ಬಿಗಿ ಇದ್ರ ತಿರುವಿನಾಗ ಮುರೀತದ. ಸಂಸಾರ ಇದ್ದಂಗ, ಸ್ವಲ್ಪ ಸಡಿಲ ಇರಬೇಕು."

ಟ್ರ್ಯಾಕ್ಟರಿನ ಪಿನ್ನು ಬೇರೆ, ಜೀಪಿನ ಗುಂಡು ಬೇರೆ ಎಂದು ನಾನು ಹೇಳಿದೆನೆಂದು ನೆನಪು. ಹೆಂಡತಿಯ ಅಣ್ಣನಿಗೆ ಅಂಗಡಿಯಲ್ಲಿ ನಿಂತು ಎದುರಾಡಿದ್ದೆ ಎನ್ನುವ ಈ ನೆನಪನ್ನು ನಾನೇ ನಂಬಲಾರೆ. ಟಕ್ ಟಕ್ ಅನ್ನುವ ಗುಂಡನ್ನು ತಂದೆವು. ಅಳತೆಯನ್ನು ಮನೆಯಲ್ಲಿ ಗ್ರೀಸು ಒರೆಸಿ ನೋಡಿಕೊಂಡರಾಯಿತು ಎಂದುಕೊಂಡೆ.

ಕೂಡಿಸುವ ಕೆಲಸದಲ್ಲಿ ಮಾತ್ರ ಯಾರೂ ನಮ್ಮ ಮೇಲೆ ಬೆರಳು ತೋರಿಸುವಂತಿಲ್ಲ. ಗುಂಡಿನ ಬುಡದ ಬೋಲ್ಟು ಜೀಪಿನ ಹಿಂದಿನ ದಪ್ಪ ತಗಡಿನ ತೂತಿಗೆ ಸರಿಯಾಗಿ ಇಳಿಯಿತು. ಕೆಳಗೆ ಸ್ಪ್ರಿಂಗ್ ವಾಷರ್, ಅದರ ಕೆಳಗೆ ನಟ್ಟು. ಮೌಲಾಸಾಬ್ ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತ. ಸಾಲದೆಂದು ಬಸಣ್ಣನನ್ನೂ ಹತ್ತಿಸಿದ. ಅಕ್ಕಿ ಗಿರಣಿಯ ಅಷ್ಟೂ ತೂಕ ಆ ನಟ್ಟಿನ ಮೇಲೆ ಬಿತ್ತು. "ಸರ್, ಇನ್ನ ಬೇಫಿಕರ್ ಇರ್ರಿ. ಜೀಪು ಮುರದ್ರೂ ಗುಂಡು ಬರಂಗಿಲ್ಲ," ಎಂದ. ಟ್ರೇಲರಿನ ಮೂತಿಯಿಂದ ಜೀಪಿಗೆ ಎರಡು ಸರಪಳಿಯನ್ನು ಕೆಳಗೆ ಅಡ್ಡಡ್ಡ ಹಾಕಬೇಕೆಂದು ನಾನು ಹಟ ಹಿಡಿದೆ. ವಿಡಿಯೊದ ಗಂಡಸರ ಋಣ ಅಷ್ಟಾದರೂ ತೀರಲಿ ಎಂದು. "ಓಡಿ ಹೋಗ್ತದೇನ್ರಿ, ನಾಯಿ ಅಲ್ಲ ಅದು," ಎಂದು ಬಸಣ್ಣ ನಕ್ಕರು.

ನಾನು ಬಟ್ಟೆ ತೆಗೆದುಕೊಂಡು ಗ್ರೀಸು ಒರೆಸಲು ಹೋಗುವಷ್ಟರಲ್ಲಿ ಶರಣಮ್ಮನೇ ಒರೆಸಿ, ತೊಳೆದು, ಪೂಜೆ ಶುರು ಮಾಡಿಬಿಟ್ಟಿದ್ದಳು. ಗುಂಡಗೆ, ಹೊಳಪಾಗಿ, ಪೀಠದ ಮೇಲೆ ಕೂತ ಆ ಉಕ್ಕಿನ ಗುಂಡನ್ನು ನೋಡಿದ ಯಾರಿಗಾದರೂ ಕೈ ತಡೆಯುವುದು ಕಷ್ಟವೇ. ಬಸಣ್ಣ ವಿಭೂತಿಯನ್ನು ನೀರಿನಲ್ಲಿ ಕಲಸಿ ಅದರ ನೆತ್ತಿಯ ಮೇಲೆ ಮೂರು ಗೆರೆ ದಪ್ಪಗೆ ಎಳೆದರು. ಮೌಲಾಸಾಬ್ ತನ್ನ ಖರ್ಚಿನಲ್ಲೇ ನಿಂಬೆಹಣ್ಣು ತಂದ. "ಗಾಡಿ ಯಾರದಾದ್ರೇನು ಸರ್, ನಿಂಬಿಹಣ್ಣು ಎಲ್ಲಾರಿಗೂ ಒಂದ," ಎಂದ. ವಿಭೂತಿಯ ಕೆಳಗೆ ಏನೋ ಅಂಕಿಯಂಥದ್ದು ಉಬ್ಬಿದಂತೆ ಕಂಡಿತು. ಬೆರಳು ಮುಂದೆ ಮಾಡಿದೆ.

"ರೀ, ಹಸೀ ಅದ. ಮುಟ್ಟಬ್ಯಾಡ್ರಿ," ಎಂದಳು ಶರಣಮ್ಮ.

ಮೂಢನಂಬಿಕೆಯ ಉಪನ್ಯಾಸಕ ಬೆರಳು ಹಿಂದಕ್ಕೆ ತೆಗೆದುಕೊಂಡ.

ಮರುದಿನ ಯಾಪಲದಿನ್ನಿಗೆ ಹೋಗಿ ಬಿಳಿಜೋಳ ತಂದೆವು. ಖಾಲಿ ಹೋಗಿ ಸ್ವಲ್ಪವೇ ಹೇರಿಕೊಂಡು ಬಂದ ಟ್ರೇಲರ್ ದಾರಿಯುದ್ದಕ್ಕೂ ಟಕ್ ಟಕ್ ಎನ್ನುತ್ತ ಸುಖವಾಗಿ ಹಿಂಬಾಲಿಸಿತು. ಆ ಸದ್ದಿಗೆ ನಾನೂ ಒಗ್ಗಿಕೊಂಡೆ. ಸದ್ದು ನಿಂತರೆ ಹಿಂದೆ ತಿರುಗಿ ನೋಡುವಂತಾಯಿತು.

ಕಾರ್ಯದ ದಿನ ಬೆಳಿಗ್ಗೆ ಹೊರಟೆವು. ಜೀಪಿನಲ್ಲಿ ನಾನು, ಶರಣಮ್ಮ, ರೊಟ್ಟಿ ಬಡಿಯುವ ಹನುಮವ್ವ, ಅವಳ ಜೊತೆಯ ಇನ್ನಿಬ್ಬರು ಹೆಂಗಸರು. ಬಸಣ್ಣನನ್ನು ಹತ್ತಿಸಿಕೊಳ್ಳಲು ಮಾನ್ವಿಗೆ ಸುತ್ತು ಹಾಕಿದೆವು. ಅವರು ಬರಿಗೈಯಲ್ಲಿ ಹತ್ತುವವರಲ್ಲ. ತೊಟ್ಟಿಲ ಮನೆಗೆಂದು ಸೋನಾ ಮಸೂರಿಯ ಮೂಟೆಗಳನ್ನು ಟ್ರೇಲರಿಗೆ ಹಾಕಿಸಿದರು. ಮುಂದೆ ಒಲೆಗಳಿದ್ದವು, ಮೂಟೆಗಳು ಬಾಲಕ್ಕೆ ಹೋದವು. ಬಾಲ ತಗ್ಗಿತು, ಮೂತಿ ತುಸು ಎದ್ದಿತು. "ಹಿಂದ ಭಾರ ಆತೇನೋ," ಎಂದೆ. "ಹಿಂದ ಭಾರ ಇದ್ರನ ಗಾಡಿ ಕುಣಿಯಂಗಿಲ್ಲ," ಎಂದರು ಬಸಣ್ಣ.

ಮಲ್ಲಟ ದಾಟಿದ ಮೇಲೆ ಒಂದು ರಸ್ತೆ ಉಬ್ಬು. ಕವಿತಾಳದ ಕಡೆ ಹೋಗುವ ಬಸ್ಸು ಆಗ ಎದುರಿಗೆ ಬಂತೆಂದು ನನ್ನ ನೆನಪು. ಬಸ್ಸೂ ಇರಲಿಲ್ಲ ಏನೂ ಇರಲಿಲ್ಲ, ನಾನು ಬಸಣ್ಣನ ಜೊತೆ ಮಾತಾಡುತ್ತ ಉಬ್ಬನ್ನೇ ನೋಡಲಿಲ್ಲ ಎಂದು ಶರಣಮ್ಮ. ಜೀಪು ಹಾರಿತು. ಟಕ್ ಎಂದಿತು. ಎರಡನೇ ಟಕ್ ಬರಲಿಲ್ಲ. ಅದರ ಬದಲು ಸರಪಳಿ ಜಗ್ಗಿದ ಭಯಂಕರ ಸದ್ದು, ಹಂಚುಗಳು ಒಂದರ ಮೇಲೊಂದು ಬಿದ್ದ ಸದ್ದು, ಹನುಮವ್ವ "ಯವ್ವಾ" ಅಂದ ಸದ್ದು. ನಿಲ್ಲಿಸಿ ಇಳಿದರೆ ಟ್ರೇಲರ್ ಗುಂಡಿನಿಂದ ಕಳಚಿ, ಸರಪಳಿಯಲ್ಲಿ ಜೋತು, ಮೂತಿಯನ್ನು ರಸ್ತೆಯ ಮಗ್ಗುಲ ಮಣ್ಣಿಗೆ ತಿವಿದು ನಿಂತಿತ್ತು. ಒಂದು ಗಾಲಿ ಸೊಟ್ಟ. ಯಾರಿಗೂ ಏನೂ ಆಗಿರಲಿಲ್ಲ. ದೇವದುರ್ಗ ಇನ್ನೂ ದೂರವಿತ್ತು. ಟೀಚರ ಬೀಗರು ಅಷ್ಟು ಹೊತ್ತಿಗೆ ಹೊಸ ಬಟ್ಟೆ ಹಾಕಿಕೊಳ್ಳುತ್ತಿರಬೇಕು.

ಬಸಣ್ಣ ಜೀಪಿನ ಹಿಂದೆ ಬಗ್ಗಿ ನೋಡಿ ಕೈ ಮುಗಿದರು. "ನೋಡ್ರಿ ಅಳಿಯಾರ! ಗುಂಡು ಅಲ್ಲಾಡಿಲ್ಲ. ಇಷ್ಟೆಲ್ಲಾ ಆದ್ರೂ ನೆತ್ತಿ ಮ್ಯಾಲಿನ ವಿಭೂತಿ ಹಂಗ ಅದ. ಪವಾಡ ಅಲ್ಲದ ಏನು?"

ಹೌದು, ಮೂರು ಗೆರೆಯೂ ಹಾಗೇ ಇದ್ದವು. ಶರಣಮ್ಮ ಅವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ಒರೆಸಿಬಿಟ್ಟಳು. ಅಣ್ಣ "ಏ ತಂಗೀ" ಎಂದದ್ದನ್ನು ಕೇಳಿಸಿಕೊಳ್ಳಲಿಲ್ಲ. ಹಂಚಿನ ಮೇಲೆ ರೊಟ್ಟಿ ಮಗುಚುವ ಕಬ್ಬಿಣದ ಪಟ್ಟಿ ತೆಗೆದುಕೊಂಡು ಕಪ್ಲರಿನ ಮೇಲಿನ ಕೆಂಪು ಬಣ್ಣವನ್ನೂ ಕೆರೆದಳು.

"ರೀ, ಇಲ್ಲಿ ಬರ್ರಿ. ಟೋಪಿ ಮ್ಯಾಲ ಎರಡು ಇಂಚು ಅಂತ ಬರದಾರ. ಗುಂಡಿನ ಮ್ಯಾಲ ಒಂದು, ಬಾಜೂಕ ಏಳು, ಕೆಳಗ ಎಂಟು. ಅಂದ್ರ ಎಷ್ಟು?"

"ಎರಡು ಇಂಚಿಗೆ ಒಂದು ನೂಲು ಕಡಿಮೆ," ಎಂದೆ. ಇಂಚಿನ ಎಂಟನೇ ಒಂದು ಪಾಲಿಗೆ ಗ್ಯಾರೇಜಿನವರು ನೂಲು ಎನ್ನುತ್ತಾರೆ.

"ಇದು ಇಲ್ಲೇ ಬರದಿತ್ತೇನು?"

"ಇತ್ತು."

"ಮೊದಲಿಂದನೂ?"

"ಮೊದಲಿಂದನೂ."

ಅವಳು ಕಬ್ಬಿಣದ ಪಟ್ಟಿ ಕೆಳಗಿಟ್ಟಳು. ಮಲ್ಲಟದ ಕಡೆಯಿಂದ ಬಂದ ಖಾಲಿ ಗೂಡ್ಸ್ ಆಟೊಕ್ಕೆ ಕೈ ಅಡ್ಡ ಹಿಡಿದಳು. ಒಲೆ, ಹಂಚು, ಹಿಟ್ಟು, ಎಣ್ಣೆಗಾಯಿ ಪಾತ್ರೆ, ಅಕ್ಕಿ ಮೂಟೆ, ಮೂರೂ ಹೆಂಗಸರು ಹಿಂದೆ ಹತ್ತಿದರು. ಮೂಟೆ ಕಾಯಬೇಕೆಂದು ಬಸಣ್ಣನೂ ಹತ್ತಿದರು. ಅವಳು ಡ್ರೈವರ್ ಪಕ್ಕ ಕೂತಳು. "ನಾನೂ ಬರ್ತೀನಿ," ಎಂದೆ. "ನೀವು ಇಲ್ಲೇ ಗುಂಡು ಕಾಯ್ಕೋತ ಕೂಡ್ರಿ," ಎಂದಳು. ಆಟೊ ಹೋಯಿತು.

ಹಾಗೆ ಆ ಮಧ್ಯಾಹ್ನ ನಾನು ರಸ್ತೆ ಮಗ್ಗುಲಲ್ಲಿ ಒಬ್ಬನೇ ಕೂತೆ. ಕೂತು ನಟ್ಟನ್ನು ನೋಡಿದೆ. ಕೂದಲೆಳೆಯಷ್ಟೂ ತಿರುಗಿರಲಿಲ್ಲ. ತಪ್ಪು ಗುಂಡನ್ನು ನಾವು ಅಷ್ಟು ಭದ್ರವಾಗಿ ಕೂಡಿಸಿದ್ದೆವು. ಇದು ನನಗೆ ಹೊಸ ನೋಟವೇನಲ್ಲ. ನಮ್ಮ ಕಾಲೇಜಿನ ಸಮಿತಿಗಳಿಗೆ ಅಧ್ಯಕ್ಷರನ್ನು ಆರಿಸುವಾಗಲೂ ಅಳತೆ ನೋಡುವ ರೂಢಿ ಇಲ್ಲ. ಎಲ್ಲಾದಕ್ಕೂ ಕುಂದ್ರತಾರೆ, ಹಿಂದೆ ಇನ್ನೊಂದು ಕಡೆ ಒಯ್ದಿದ್ದರು ಎಂದರೆ ಸಾಕು. ಆಮೇಲೆ ಹಾರ, ಶಾಲು, ಪೇಟ. ಎಲ್ಲರೂ ಒಟ್ಟಾಗಿ ಪೈಪಿನ ಮೇಲೆ ಹತ್ತಿ ಬಿಗಿಯುತ್ತೇವೆ. ಸಂಸ್ಥೆ ಹಿಂದೆ ಕಳಚಿ ಬಿದ್ದಾಗ, ನೋಡ್ರಿ, ಅಧ್ಯಕ್ಷರು ಮಾತ್ರ ಅಲ್ಲಾಡಿಲ್ಲ ಎಂದು ಕೈ ಮುಗಿಯುತ್ತೇವೆ.

ಹೊಲದಿಂದ ಬಂದ ಒಬ್ಬ ಅಜ್ಜ ಜೀಪಿನ ಹಿಂದೆ ನಿಂತು ಗುಂಡನ್ನೇ ದಿಟ್ಟಿಸಿದ. ವಿಭೂತಿಯ ಗುರುತು ಅಂಚಿನಲ್ಲಿ ಇನ್ನೂ ಉಳಿದಿತ್ತು.

"ಯಾವ ದೇವ್ರೋ ಯಪ್ಪಾ ಇದು?"

"ದೇವರಲ್ಲಜ್ಜಾ. ಗಾಡಿ ಜಗ್ಗೂ ಗುಂಡು."

"ಹಂಗಂದ್ರ ವಿಭೂತಿ ಯಾಕ?"

ನಾನು ಸಮಾಜಶಾಸ್ತ್ರದ ಅಷ್ಟೂ ವರ್ಷಗಳನ್ನು ಒಳಗೇ ತಡಕಿದೆ. ಅಜ್ಜ ಕಾಯ್ದು ನೋಡಿ, "ಪಾಪ, ಬಿಸಲಾಗ ಕುಂತಿ," ಎಂದು ಒಂದು ಸೌತೆಕಾಯಿ ಕೊಟ್ಟು ಹೋದ. ಅಷ್ಟಾದರೂ ಪ್ರಸಾದ ಸಿಕ್ಕಿತು.

ರೊಟ್ಟಿ ಹಂಚಿನಿಂದ ಸೀದಾ ತಾಟಿಗೆ ಬಿತ್ತು. ಟೀಚರ ಬೀಗರು ಮಾತಾಡುವುದು ಬಿಟ್ಟು ಉಂಡರಂತೆ. ಶರಣಮ್ಮನಿಗೆ ದೇವದುರ್ಗದಿಂದ ಆಮೇಲೆ ಫೋನುಗಳು ಬರತೊಡಗಿದವು. ಆ ಗುಂಡನ್ನು ಬಿಚ್ಚಲು ಹೋದರೆ ನಟ್ಟು ಜಪ್ಪಯ್ಯ ಎನ್ನಲಿಲ್ಲ. ಮೌಲಾಸಾಬ್ ಗ್ಯಾಸಿನಿಂದ ಕತ್ತರಿಸಬೇಕಾಯಿತು. "ಹೇಳಿದ್ನಿಲ್ಲ ಸರ್, ಗುಂಡು ಬರಂಗಿಲ್ಲಂತ," ಎಂದು ಹೆಮ್ಮೆಪಟ್ಟ. ಹೊಸ ಗುಂಡನ್ನು ಶರಣಮ್ಮನೇ ಆರಿಸಿದಳು. ಟೋಪಿ ಅದರ ಮೇಲೆ ಸದ್ದಿಲ್ಲದೆ ಕೂತಿತು. ಬಸಣ್ಣ "ಸತ್ತಂಗ ಕುಂತದ" ಎಂದು ಗೊಣಗಿದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಾಯಿದೆ ಜಾರಿಯಲ್ಲಿದೆ, ಮಾಡಿದವಳು ಶರಣಮ್ಮ: ಓದಬೇಕಾದ ವಸ್ತುವಿಗೆ ವಿಭೂತಿ ಇಲ್ಲ, ಓದುವ ಕೆಲಸವಿಲ್ಲದ್ದಕ್ಕೆ ಎಷ್ಟು ಬೇಕಾದರೂ ಹಚ್ಚಬಹುದು.

ಈ ಸಲ ಆಯುಧ ಪೂಜೆಯ ದಿನ ನಾನು ಅಂಗಳಕ್ಕೆ ಬಂದು ನೋಡಿದೆ. ಜೀಪಿಗೆ ಹಾರ, ಟ್ರೇಲರಿಗೆ ಬಾಳೆಕಂದು. ಗುಂಡು ಮಾತ್ರ ಬರಿಮೈಯಲ್ಲಿ ಹೊಳೆಯುತ್ತಿತ್ತು, ನೆತ್ತಿಯ ಅಂಕಿ ಬಾಗಿಲಿಂದಲೇ ಕಾಣುವಂತೆ. ಫ್ರಿಜ್ಜಿನ ಪುಸ್ತಕವೂ ಜಗಲಿಯಿಂದ ಇಳಿದು ಚೀಲದಿಂದ ಹೊರಬಂದು ಅಡುಗೆಮನೆಯ ಮೊಳೆಗೆ ತೂಗುಬಿದ್ದಿತ್ತು. ನನಗೆ ತುಂಬ ಸಂತೋಷವಾಯಿತು. ಇಡೀ ಮನೆ ವೈಚಾರಿಕವಾಗಿಬಿಟ್ಟಿದೆ ಎನ್ನಿಸಿತು. ಆಮೇಲೆ ದೇವರ ಜಗಲಿಯ ಕಡೆ ನೋಡಿದೆ. ಫ್ರಿಜ್ಜಿನ ಪುಸ್ತಕ ಖಾಲಿ ಮಾಡಿದ್ದ ಜಾಗದಲ್ಲಿ, ಅಟ್ಟದಿಂದ ಇಳಿಸಿ ಧೂಳು ಒರೆಸಿದ ನನ್ನ ಕಥಾಸಂಕಲನದ ಒಂದು ಪ್ರತಿ ಇತ್ತು. ಮುಖಪುಟದ ಮೇಲೆ, ಸರಿಯಾಗಿ ನನ್ನ ಹೆಸರಿನ ಮೇಲೆ, ದಪ್ಪಗೆ ಮೂರು ಗೆರೆ.

"ಇದನ್ನ ಓದೀಯೇನು?" ಎಂದು ಕೇಳಿದೆ.

"ಪೂಜಾ ಮಾಡೀನಲ್ರೀ," ಎಂದಳು. "ಬೆಂಕಿಪೊಟ್ಟಣ ಎಲ್ಲದ?"

ಹುಡುಕಿ ಕೊಟ್ಟೆ.