ಕಾಣದ ಪೈಪಿನ ಮೇಸ್ತ್ರಿ

ಮನೆಗಳ ಗೋಡೆಯ ಮೇಲೆ ಓಡಾಡುವ ಪೈಪುಗಳನ್ನು ಗೋಡೆಯೊಳಗೆ ಹುದುಗಿಸುವುದು ನನ್ನ ಕಸುಬು. ಈ ಕಸುಬಿಗೆ ಇಳಿದ ಮೇಲೆ ನಗೆಪಾಟಲಿನ ಪ್ರಸಂಗಗಳಿಗೇನೂ ಬರವಿಲ್ಲ. ನಾನು ಕೂರಿಸಿದ ಪೈಪು ಒಂದು ಹನಿ ಸೋರಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ಆದರೆ ಬಡಗಿಯ ಕೆಲಸ ಕಾಣುತ್ತದೆ, ಬಣ್ಣದವನ ಕೆಲಸ ಕಾಣುತ್ತದೆ. ನನ್ನದು ಚೆನ್ನಾಗಿ ಆದಷ್ಟೂ ಕಾಣುವುದಿಲ್ಲ. ಒಮ್ಮೆಯಾದರೂ ಯಾರಾದರೂ ನಾಲ್ಕು ಮಂದಿಯ ಮುಂದೆ ನನ್ನ ಕೆಲಸ ತೋರಿಸಿ ಹೊಗಳಲಿ ಎಂಬ ಆಸೆ ನನಗಿತ್ತು, ಸುಳ್ಳೇಕೆ ಹೇಳಲಿ.

ಅಜ್ಜಿಯ ಪೈಪು

ಸಿರುಗುಪ್ಪದ ಒಂದು ಮನೆಯಲ್ಲಿ ಪಡಸಾಲೆಯ ಉದ್ದಕ್ಕೂ ಹೊರಗಿದ್ದ ಪೈಪನ್ನು ಕಿತ್ತು, ಹೊಸದನ್ನು ಗೋಡೆಯೊಳಗೆ ಹಾಕಿ ಗಾರೆ ಮೆತ್ತಿದೆ. ಎಲ್ಲಿ ಕೊರೆದಿದ್ದೆನೋ ನನಗೇ ಗೊತ್ತಾಗದಂತಾಯಿತು. ಅಷ್ಟರಲ್ಲಿ ಆ ಮನೆಯ ಅಜ್ಜಿ ಒದ್ದೆ ಸೀರೆ ಹಿಡಿದು ಬಂದವರು ಗೋಡೆ ನೋಡಿ ನಿಂತುಬಿಟ್ಟರು. ಮದುವೆಯಾಗಿ ಬಂದಾಗಿನಿಂದ ಆ ಪೈಪಿನ ಮೇಲೇ ಸೀರೆ ಒಣಹಾಕುತ್ತಿದ್ದರಂತೆ. ಪೈಪು ವಾಪಸ್ ಬರುವವರೆಗೆ ಊಟ ಮುಟ್ಟುವುದಿಲ್ಲ ಎಂದು ಕೂತರು. ಕೊನೆಗೆ ನೀರಿಲ್ಲದ ಆ ಹಳೇ ಪೈಪಿನ ಎರಡೂ ತುದಿಗೆ ಮುಚ್ಚಳ ಬಿಗಿದು, ಇದ್ದ ಜಾಗದಲ್ಲೇ ಕೂರಿಸಿದೆ.

ಈಗ ಆ ಮನೆಗೆ ಬಂದವರೆಲ್ಲ, ಪೈಪು ಹೀಗೆ ಹೊರಗೆ ಬಿಟ್ಟ ಮೇಸ್ತ್ರಿ ಯಾರು ಎಂದು ಕೇಳುತ್ತಾರೆ. ಅಜ್ಜಿ ಬಲು ಪ್ರೀತಿಯಿಂದ ನನ್ನ ಹೆಸರು ಹೇಳುತ್ತಾರೆ.

ಶಾಲು

ಕುರುಗೋಡಿನಲ್ಲಿ ಒಬ್ಬ ಮೇಷ್ಟ್ರ ಗೃಹಪ್ರವೇಶ. ಮನೆ ಕಟ್ಟಿದವರಿಗೆಲ್ಲ ಶಾಲು ಹೊದಿಸುತ್ತಿದ್ದರು. ಗೌಂಡಿಗೆ ಆಯಿತು, ಬಡಗಿಗೆ ಆಯಿತು. ನಾನು ಕೊರೆದು ಮುಚ್ಚಿದ ಗೋಡೆಯನ್ನೇ ಸವರಿ, "ಎಷ್ಟು ಸಾಪ್ ಐತಿ ನೋಡ್ರಿ" ಎಂದು ಬಣ್ಣದವನಿಗೂ ಹೊದಿಸಿದರು. ನನ್ನ ಪಾಳಿ ಬರುವಷ್ಟರಲ್ಲಿ ಊಟಕ್ಕೆ ಎಬ್ಬಿಸಿದರು.

ನಾನು ಪಂಕ್ತಿಗೆ ಹೋಗಲಿಲ್ಲ. ಮಾಳಿಗೆ ಹತ್ತಿ, ಟ್ಯಾಂಕಿನ ವಾಲ್ವ್ ತಿರುವಿ, ಇಳಿದು ಬಂದು ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಊಟಕ್ಕೆ ಬಂದ ಬೀಗರೆಲ್ಲ ಎಂಜಲು ಕೈ ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು. ಮೇಷ್ಟ್ರಿಗೆ ಆಗ ನನ್ನ ನೆನಪಾಯಿತು. ಶಾಲು ಮುಗಿದಿದ್ದರಿಂದ ಅವರ ಮಾವನವರಿಗೆ ಹೊದಿಸಿದ್ದನ್ನೇ ತೆಗೆದು ನನಗೆ ಹೊದಿಸಿದರು.

ಫೋಟೋ

ಗಾರೆ ಮೆತ್ತುವ ಮೊದಲು ಪೈಪಿನ ಫೋಟೋ ತೆಗೆದು ಮನೆಯವರಿಗೆ ಕೊಡುವುದು ನನ್ನ ರೂಢಿ. ಮುಂದೆ ಎಲ್ಲಿ ಮೊಳೆ ಹೊಡೆಯಬಾರದು ಎಂದು ಅವರಿಗೆ ತಿಳಿದಿರಲಿ ಅಂತ.

ಬಳ್ಳಾರಿಯ ಗಾಂಧಿನಗರದಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಸಾಹೇಬರು ಹೊಸ ಮನೆಯ ದಾವತ್ತಿಗೆ ನನ್ನನ್ನೂ ಕರೆದಿದ್ದರು. ಒಳಗೆ ಕಾಲಿಟ್ಟರೆ, ಊಟದ ಕೋಣೆಯ ಗೋಡೆಯ ಮೇಲೆ ಮೊಳದುದ್ದದ ಚೌಕಟ್ಟಿನಲ್ಲಿ ನನ್ನ ಪೈಪುಗಳ ಫೋಟೋ!

"ನಿಮ್ಮ ಕೆಲಸ ಮುಚ್ಚಿ ಹೋಗಬಾರ್ದು ಮೇಸ್ತ್ರಿ, ನಾಲ್ಕು ಮಂದಿ ನೋಡಬೇಕು," ಎಂದರು ಸಾಹೇಬರು. ನನ್ನ ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದೆ. ಆ ಫೋಟೋ ಅದೇ ಗೋಡೆಯದು. ಗೀಸರಿಗೆ ಹೋಗುವ ಪೈಪು ನೇರ ಮೇಲಕ್ಕೆ ಹತ್ತಿದ ಕಡೆಯೇ ಅವರು ಮೊಳೆ ಹೊಡೆದಿದ್ದರು. ಮೊಳೆ ಪೈಪಿನಲ್ಲಿ ಬಿಗಿಯಾಗಿ ಕೂತಿದ್ದರಿಂದ ನೀರು ಹೊರಗೆ ಬಂದಿರಲಿಲ್ಲ. ದಾವತ್ತು ಮುಗಿಯಲಿ, ಬೆಳಿಗ್ಗೆ ಬಂದು ಸದ್ದಿಲ್ಲದೆ ಸರಿಮಾಡೋಣ ಎಂದುಕೊಂಡೆ. ಹೊಗಳಿಕೆಯ ನಡುವೆ ಬಾಯಿ ಬಿಡಲು ಮನಸ್ಸೂ ಬರಲಿಲ್ಲ.

ಅಷ್ಟರಲ್ಲಿ ಸಾಹೇಬರು ಫೋಟೋ ಇಳಿಸಿ ದಾವತ್ತಿಗೆ ಬಂದ ಬೀಗರಿಗೆ ಹತ್ತಿರದಿಂದ ತೋರಿಸಲು ಹೋದರು. ನಾನು ಎರಡೂ ಕೈಯಿಂದ ಚೌಕಟ್ಟು ಒತ್ತಿ ಹಿಡಿದೆ.

"ಬ್ಯಾಡ್ರಿ ಸಾಹೇಬ್ರ, ಅಲ್ಲೇ ಛಂದ ಐತಿ."

"ಹಿಂಗ ನಾಚ್ಕೊಂಡ್ರ ಹೆಂಗ್ರಿ," ಎಂದು ಅವರು ಜಗ್ಗಿದರು. ಚೌಕಟ್ಟಿನ ಜೊತೆ ಮೊಳೆಯೂ ಕಿತ್ತು ಬಂತು. ಚಿಮ್ಮಿದ ನೀರು ಮೊದಲು ಸಾಹೇಬರ ಹೊಸ ಶೇರ್ವಾನಿಯನ್ನು, ಆಮೇಲೆ ಬಿರಿಯಾನಿಯ ಹಂಡೆಯನ್ನು ಸೇರಿತು.

ನಾನು ಓಡಿ ವಾಲ್ವ್ ಬಂದ್ ಮಾಡಿ ಬಂದೆ. ನನ್ನ ಮರ್ಯಾದೆಯೂ ಆ ನೀರಿನ ಜೊತೆ ಹೋಯಿತು ಎಂದುಕೊಂಡಿದ್ದೆ. ತೊಯ್ದು ತೊಪ್ಪೆಯಾಗಿದ್ದ ಸಾಹೇಬರು ಒಮ್ಮೆ ಗೋಡೆಯ ತೂತು ನೋಡಿದರು, ಒಮ್ಮೆ ಕೈಯಲ್ಲಿದ್ದ ಫೋಟೋ ನೋಡಿದರು. ಆಮೇಲೆ ಬೀಗರ ಕಡೆ ತಿರುಗಿ, ಗಡ್ಡದ ನೀರು ಹಿಂಡುತ್ತಾ ಹೆಮ್ಮೆಯಿಂದ ಹೇಳಿದರು:

"ನೋಡಿದ್ರೇನ್ರಿ? ಫೋಟೋದಾಗ ಎಲ್ಲಿ ಐತೋ ಪೈಪು ಅಲ್ಲೇ ಐತಿ. ಒಂದು ನೂಲು ಆಚೀಚಿ ಆಗಿಲ್ಲ."